ಸೀತೆಯ ಹಾಡು ಮತ್ತು ಒಡೆತನದ ರಾಜಕಾರಣ

2008ರ ಫೆಬ್ರವರಿ ತಿಂಗಳಲ್ಲಿ ಎರಡು ಘಟನೆಗಳು ನಡೆದವು. ಒಂದು ಬರ್ಲಿನ್ ಚಲನಚಿತ್ರೋತ್ಸವದಲ್ಲಿ. ಅಮೆರಿಕದ ವ್ಯಂಗ್ಯಚಿತ್ರ ಕಲಾವಿದೆ ನೀನಾ ಪೇಲಿ ಹೆಚ್ಚುಕಡಿಮೆ ಒಬ್ಬರೇ ಮನೆಯ ಕಂಪ್ಯೂಟರಿನ ಮುಂದೆ ವರ್ಷಗಟ್ಟಲೆ ಕುಳಿತು ತಯಾರಿಸಿದ 'ಸೀತಾ ಸಿಂಗ್ಸ್ ದ ಬ್ಲೂಸ್' ಎಂಬ 82 ನಿಮಿಷಗಳ ಆನಿಮೇಷನ್ ಚಿತ್ರ ಅಲ್ಲಿ ಮೊದಲ ಬಾರಿಗೆ ತೆರೆಕಂಡಿತು. ಇನ್ನೊಂದು ದೆಹಲಿ ವಿಶ್ವವಿದ್ಯಾಲಯದಲ್ಲಿ. ಎ.ಕೆ. ರಾಮಾನುಜನ್ ಅವರ 'ಮುನ್ನೂರು ರಾಮಾಯಣಗಳು' ಪ್ರಬಂಧವನ್ನು ಪಠ್ಯದಲ್ಲಿ ಇಟ್ಟದ್ದಕ್ಕಾಗಿ ಎಬಿವಿಪಿಯವರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ನಡೆಸಿದರು. ಚಿತ್ರಕ್ಕೆ ಅಡ್ಡ ಬಂದದ್ದು ಹಕ್ಕುಸ್ವಾಮ್ಯದ ಕಾನೂನು. ಪ್ರಬಂಧಕ್ಕೆ ಅಡ್ಡ ಬಂದದ್ದು ನಂಬಿಕೆಯ ಹೆಸರಿನ ಬಲಪ್ರಯೋಗ. ಎರಡು ಕಡೆಯೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ ಆಗಿತ್ತು. ಸೀತೆಯ ಕಥೆಯನ್ನು ಹೇಳುವವರು ಯಾರ ಅಪ್ಪಣೆ ಪಡೆಯಬೇಕು?

ಬೌದ್ಧಿಕ ಆಸ್ತಿಯ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ಬಹುತೇಕ ಬೇವು, ಅರಿಶಿನ, ಬಾಸ್ಮತಿಗಳ ಪೇಟೆಂಟಿಗೆ ಸೀಮಿತವಾಗಿದೆ. ಅದು ರೈತನ ಪ್ರಶ್ನೆಯಾದ್ದರಿಂದ ನಮಗೆ ಬೇಗ ಅರ್ಥವಾಯಿತು. ಹಾಡು, ಚಿತ್ರ, ಕಥೆ, ಅಕ್ಷರಗಳಿಗೂ ಇದೇ ಬೇಲಿ ಬೀಳುತ್ತಿದೆ ಎಂಬುದನ್ನು ಕಲಾವಿದರೇ ಮುಂದೆ ನಿಂತು ಹೇಳತೊಡಗಿದ ಮೇಲೂ ನಾವು ಅದನ್ನು ಪಶ್ಚಿಮದವರ ಒಳಜಗಳ ಎಂದು ಭಾವಿಸಿದೆವು. ಪೇಲಿಯವರ ಚಿತ್ರವನ್ನೂ ಅದರ ಸುತ್ತ ನಡೆದದ್ದನ್ನೂ ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಜಗಳದಲ್ಲಿ ನಮ್ಮ ಪಾಲೂ ಇದೆ ಎಂದು ತಿಳಿಯುತ್ತದೆ.

ಚಿತ್ರದ ಹುಟ್ಟು ಸರಳವಾದದ್ದು. ಪೇಲಿಯವರ ಪತಿಗೆ ತಿರುವನಂತಪುರದಲ್ಲಿ ಕೆಲಸ ಸಿಕ್ಕಿತು. ಆಕೆಯೂ 2002ರಲ್ಲಿ ಅಲ್ಲಿಗೆ ಹೋದರು. ರಾಮಾಯಣವನ್ನು ಅಲ್ಲಿಯೇ ಮೊದಲು ಓದಿದರು. ಕೆಲಸದ ನಿಮಿತ್ತ ನ್ಯೂಯಾರ್ಕಿಗೆ ಬಂದಿದ್ದಾಗ, ಇನ್ನು ಮರಳಿ ಬರುವುದು ಬೇಡವೆಂದು ಪತಿ ಇ-ಮೇಲ್ ಕಳಿಸಿದರು. ಆ ದಿನಗಳಲ್ಲಿ ಆಕೆ ಗೆಳೆಯರೊಬ್ಬರ ಮನೆಯಲ್ಲಿ ಆನೆಟ್ ಹಾನ್‌ಷಾ ಎಂಬ ಗಾಯಕಿಯ ಹಳೆಯ ಧ್ವನಿಮುದ್ರಣಗಳನ್ನು ಕೇಳಿದರು. ಹಾನ್‌ಷಾ 1920ರ ದಶಕದ ಕೊನೆಯಲ್ಲಿ ಹೆಸರು ಮಾಡಿ, 30ರ ದಶಕದಲ್ಲೇ ಹಾಡುವುದನ್ನು ಬಿಟ್ಟು, 1985ರಲ್ಲಿ ತೀರಿಕೊಂಡವರು. ತನ್ನನ್ನು ಬಿಟ್ಟುಹೋದ ಗಂಡಸನ್ನು ಮತ್ತೆ ಮತ್ತೆ ಕರೆಯುವ ಹೆಣ್ಣಿನ ಹಾಡುಗಳು ಅವು. ಕಾಡಿಗೆ ಕಳಿಸಲ್ಪಟ್ಟ ಸೀತೆಯ ಬಾಯಲ್ಲಿ ಈ ಹಾಡುಗಳನ್ನು ಇಟ್ಟರೆ ಹೇಗೆ ಎಂಬ ಯೋಚನೆಯೇ ಚಿತ್ರವಾಯಿತು.

ಚಿತ್ರದಲ್ಲಿ ನಾಲ್ಕು ಬಗೆಯ ಚಿತ್ರಣಗಳಿವೆ. ಪೇಲಿಯವರ ಸ್ವಂತ ಕಥೆ ನಡುಗುವ ಗೆರೆಗಳಲ್ಲಿದೆ. ರಾಮಾಯಣದ ಸಂಭಾಷಣೆಗಳು ರಜಪೂತ ಶೈಲಿಯ ಚಿತ್ರಪಟಗಳಲ್ಲಿವೆ. ಸೀತೆ ಹಾಡುವ ಭಾಗಗಳಲ್ಲಿ ದುಂಡು ಮುಖ, ದೊಡ್ಡ ಕಣ್ಣು, ತೆಳು ನಡುವಿನ ಹಳೆಯ ಅಮೆರಿಕನ್ ಕಾರ್ಟೂನುಗಳ ಹುಡುಗಿ ಕುಣಿಯುತ್ತಾಳೆ. ಇವುಗಳನ್ನು ಹೊಲಿಯುವ ದಾರವಾಗಿ ಮೂವರು ಭಾರತೀಯರ ಮಾತುಕತೆ ನೆರಳು ಗೊಂಬೆಗಳ ರೂಪದಲ್ಲಿ ಬರುತ್ತದೆ. ಈ ಮಾತುಕತೆಯನ್ನು ಮೊದಲೇ ಬರೆದುಕೊಟ್ಟಿರಲಿಲ್ಲ. ಅವರು ತಮಗೆ ನೆನಪಿದ್ದಂತೆ ಕಥೆ ಹೇಳುತ್ತಾರೆ, ತಪ್ಪುತ್ತಾರೆ, ಒಬ್ಬರನ್ನೊಬ್ಬರು ತಿದ್ದುತ್ತಾರೆ. ಕಥೆ ನಡೆದ ಕಾಲ ಯಾವುದು ಎಂಬಲ್ಲಿಂದಲೇ ತಡವರಿಕೆ ಆರಂಭವಾಗುತ್ತದೆ. ಅಷ್ಟೆಲ್ಲಾ ಅನುಮಾನಪಟ್ಟ ಗಂಡನನ್ನು ಈಕೆ ಇನ್ನೂ ಏಕೆ ಪೂಜಿಸುತ್ತಾಳೆ ಎಂದು ಕೇಳಿಕೊಳ್ಳುತ್ತಾರೆ.

ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದು ಈ ತಡವರಿಕೆಯಲ್ಲಿ. ನಮ್ಮ ಮನೆಗಳ ಜಗುಲಿಯಲ್ಲಿ ಅಜ್ಜಿಯೊಬ್ಬಳು ಕಥೆ ಹೇಳುವಾಗ ಚಿಕ್ಕಮ್ಮ ನಡುವೆ ಬಾಯಿ ಹಾಕಿ 'ಹಾಗಲ್ಲ ಅದು' ಎನ್ನುತ್ತಾಳಲ್ಲ, ಆ ಸ್ವಾತಂತ್ರ್ಯ ಅದು. ಸರಿಯಾದ ಪಾಠವೊಂದು ಎಲ್ಲೋ ಬೀರುವಿನಲ್ಲಿದೆ, ಅದರ ಕೀಲಿ ಯಾರದೋ ಕೈಯಲ್ಲಿದೆ ಎಂಬ ಭಯ ಈ ಮೂವರಿಗೆ ಇಲ್ಲ. ಆ ಕಾರಣಕ್ಕಾಗಿಯೇ ಚಿತ್ರ ಸೀತೆಯ ಪರವಾಗಿ ಭಾಷಣ ಮಾಡದೆ ಸೀತೆಯ ಪರ ನಿಲ್ಲುತ್ತದೆ. ಅದರ ದೌರ್ಬಲ್ಯವೂ ಇದೆ. ಪೇಲಿಯವರ ಸ್ವಂತ ನೋವಿನ ಅಳತೆಗೆ ಸೀತೆಯನ್ನು ಕತ್ತರಿಸಿ ಹೊಂದಿಸುವಾಗ ಸೀತೆಯ ಹಠ, ಭೂಮಿಗೆ ಮರಳುವ ಅವಳ ತೀರ್ಮಾನದ ಗಾಂಭೀರ್ಯ ತುಸು ಹಗುರಾಗುತ್ತವೆ. ಆದರೆ ಒಬ್ಬ ಕಥೆಗಾರ್ತಿ ತನ್ನ ಅಳತೆಗೆ ಸೀತೆಯನ್ನು ಹೊಲಿದುಕೊಳ್ಳುವುದು ಹೊಸತೇನಲ್ಲ. ನಮ್ಮ ಬೀಸುವ ಕಲ್ಲಿನ ಪದಗಳೂ ಮಾಡಿದ್ದು ಇದನ್ನೇ.

ಈಗ ಹಾಡುಗಳ ವಿಷಯಕ್ಕೆ ಬರೋಣ. ಚಿತ್ರದಲ್ಲಿರುವ ಹಾನ್‌ಷಾ ಹಾಡುಗಳು 1927ರಿಂದ 1929ರ ನಡುವಿನವು. ಅಮೆರಿಕದಲ್ಲಿ ಅಂಥ ಹಳೆಯ ಧ್ವನಿಮುದ್ರಣಗಳು ಆಗ ಫೆಡರಲ್ ಹಕ್ಕುಸ್ವಾಮ್ಯದ ವ್ಯಾಪ್ತಿಯೊಳಗೆ ಇರಲಿಲ್ಲ. ಆದರೆ ಹಾಡಿನ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಬೇರೆಯೇ ಆಗಿದ್ದು, ಅದು ಕಂಪನಿಗಳ ಕೈಯಲ್ಲಿತ್ತು. ಹಾಡಿದವಳು ಇಲ್ಲ, ಬರೆದವರೂ ಇಲ್ಲ, ಹಕ್ಕು ಮಾತ್ರ ಕೈಯಿಂದ ಕೈಗೆ ಮಾರಾಟವಾಗುತ್ತಾ ಉಳಿದಿದೆ. ಹಾಡುಗಳನ್ನು ಚಿತ್ರದಲ್ಲಿ ಬಳಸಲು ಮೊದಲು ಕೇಳಿದ ಮೊತ್ತ ಸುಮಾರು 2,20,000 ಡಾಲರ್. ಚೌಕಾಸಿಯ ನಂತರ ಅದು ಸುಮಾರು 50,000ಕ್ಕೆ ಇಳಿಯಿತು. ಪೇಲಿ ಸಾಲ ಮಾಡಿ ಅದನ್ನು ಕಟ್ಟಿದರು. ಆಗಲೂ ಹಾಡುಗಳ ಕರಾರಿನ ಕಾರಣಕ್ಕೆ ಡಿವಿಡಿಯ ಮೊದಲ ಮುದ್ರಣವನ್ನು 4,999 ಪ್ರತಿಗಳಿಗೆ ನಿಲ್ಲಿಸಬೇಕಾಯಿತು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ಅಮೆರಿಕದಲ್ಲಿ ಹಳೆಯ ಕೃತಿಗಳ ಹಕ್ಕುಸ್ವಾಮ್ಯ 75 ವರ್ಷಗಳದ್ದಾಗಿತ್ತು. 1998ರಲ್ಲಿ ಹೊಸ ಕಾನೂನು ತಂದು ಅದನ್ನು 95 ವರ್ಷಕ್ಕೆ ಏರಿಸಲಾಯಿತು. ಇದನ್ನು ಪ್ರಶ್ನಿಸಿದವರು 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ 7-2ರ ತೀರ್ಪಿನಿಂದ ಸೋತರು. ಹಳೆಯ ಕಾನೂನೇ ಇದ್ದಿದ್ದರೆ 1927ರ ಹಾಡುಗಳು 2003ರ ಆರಂಭಕ್ಕೂ 1929ರ ಹಾಡುಗಳು 2005ರ ಆರಂಭಕ್ಕೂ ಎಲ್ಲರ ಸ್ವತ್ತಾಗುತ್ತಿದ್ದವು. ಅಂದರೆ ಚಿತ್ರ ಮುಗಿಯುವ ಹೊತ್ತಿಗೆ ಪೇಲಿ ಯಾರಿಗೂ ಒಂದು ಡಾಲರನ್ನೂ ಕೊಡಬೇಕಾಗಿರಲಿಲ್ಲ. ಆಕೆ ಮಾಡಿದ ಸಾಲ ಯಾವ ಕವಿಗೂ ಗಾಯಕಿಗೂ ಸಲ್ಲಲಿಲ್ಲ. ಅದು ಇಪ್ಪತ್ತು ವರ್ಷಗಳ ವಿಸ್ತರಣೆಗೆ ಕಟ್ಟಿದ ಸುಂಕ.

ಇದು ಅಮೆರಿಕದ ಕಾಯಿಲೆ ಮಾತ್ರ ಎಂದು ಸಮಾಧಾನಪಡುವಂತಿಲ್ಲ. ನಮ್ಮ 1957ರ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮೇಲೆ 50 ವರ್ಷ ಹಕ್ಕು ಉಳಿಯುತ್ತಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳು 1991ರ ಕೊನೆಗೆ ಬಿಡುಗಡೆಯಾಗಬೇಕಿತ್ತು. ಆ ಹೊತ್ತಿಗೆ ಸರಿಯಾಗಿ ಅವಧಿಯನ್ನು 60 ವರ್ಷಕ್ಕೆ ಏರಿಸಲಾಯಿತು. ಒಬ್ಬ ಕವಿಯ ಹೆಸರಿನಲ್ಲಿ ಮಾಡಿದ ತಿದ್ದುಪಡಿ ದೇಶದ ಎಲ್ಲ ಬರಹಗಾರರ ಓದುಗರಿಗೂ ಹತ್ತು ವರ್ಷದ ಬೀಗ ಹಾಕಿತು. ಅದರ ಪ್ರಕಾರ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಪದ್ಯಗಳು ಮುಕ್ತವಾಗುವುದು 2042ಕ್ಕೆ. ಅವರ ಪದ್ಯಗಳನ್ನು ಮಾತ್ರ ಜನ ಅಂದಿನಿಂದಲೂ ಯಾರನ್ನೂ ಕೇಳದೆ ಹಾಡುತ್ತಲೇ ಇದ್ದಾರೆ.

ದುಡ್ಡು ಕಟ್ಟಿದ ಮೇಲೆ ಪೇಲಿ ಮಾಡಿದ ಕೆಲಸ ಗಮನಾರ್ಹ. ತನಗಾದದ್ದನ್ನು ಮುಂದಿನವರಿಗೆ ಮಾಡುವುದಿಲ್ಲ ಎಂದು ತೀರ್ಮಾನಿಸಿ 2009ರ ಮಾರ್ಚಿನಲ್ಲಿ ಇಡೀ ಚಿತ್ರವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ನೋಡಬಹುದು, ನಕಲು ಮಾಡಬಹುದು, ಮಾರಬಹುದು, ಬದಲಿಸಬಹುದು. ಷರತ್ತು ಎರಡೇ. ಮೂಲ ಕಲಾವಿದೆಯ ಹೆಸರು ಹೇಳಬೇಕು, ಬದಲಿಸಿದ್ದನ್ನು ಇದೇ ಷರತ್ತಿನಲ್ಲಿ ಇತರರಿಗೂ ಬಿಡಬೇಕು. ಹಾಡುಗಳನ್ನು ಬಿಡುಗಡೆ ಮಾಡುವುದು ಆಕೆಯ ಕೈಯಲ್ಲಿರಲಿಲ್ಲ. ತನ್ನ ಪಾಲಿನದನ್ನು ಆಕೆ ಬಿಟ್ಟರು. 2010ರಲ್ಲಿ ನೆಟ್‌ಫ್ಲಿಕ್ಸ್ ಚಿತ್ರವನ್ನು ಕೇಳಿದಾಗ, ನಕಲು ತಡೆಯುವ ಡಿಜಿಟಲ್ ಬೀಗ ಹಾಕದೆ ತೋರಿಸುವುದಿಲ್ಲ ಎಂಬ ಕಾರಣಕ್ಕೆ ಬರುವ ಹಣವನ್ನೂ ಬೇಡವೆಂದರು.

ಹಾಡಿನ ಒಡೆಯರನ್ನು ದಾಟಿದ ಚಿತ್ರಕ್ಕೆ ಕಥೆಯ ಒಡೆಯರು ಎದುರಾದರು. ಹಿಂದೂ ಸಂಘಟನೆಗಳು ಚಿತ್ರವನ್ನು ಅವಹೇಳನವೆಂದು ವಿರೋಧಿಸಿದವು. ಇನ್ನೊಂದು ತುದಿಯಿಂದ ಕೆಲವು ವಿದ್ವಾಂಸರು, ಬಿಳಿಯ ಹೆಂಗಸೊಬ್ಬಳು ಏಷ್ಯಾದ ಮಹಾಕಾವ್ಯವನ್ನು ಮುಟ್ಟುವುದೇ ನವವಸಾಹತುಶಾಹಿ ಎಂದರು. ಎರಡನೆಯ ಆಕ್ಷೇಪವನ್ನು ನಾವು ತಳ್ಳಿಹಾಕುವಂತಿಲ್ಲ. ನಮ್ಮ ಹಾಡು, ಬಟ್ಟೆ, ಔಷಧಗಳನ್ನು ಒಯ್ದು ಮುದ್ರೆ ಒತ್ತಿ ನಮಗೇ ಮಾರಿದ ಇತಿಹಾಸ ನಿಜವಾದದ್ದು. ಆದರೆ ಒಯ್ದವರು ಬೇಲಿ ಹಾಕಿದರೇ, ಇಲ್ಲವೇ ಎಂಬುದನ್ನು ನೋಡಬೇಡವೇ? ಪೇಲಿ ಕಥೆಯನ್ನು ಒಯ್ದು ತನ್ನ ಸೊತ್ತು ಮಾಡಿಕೊಳ್ಳಲಿಲ್ಲ. ಹೇಳಿದ ಕಥೆಯನ್ನು ಮತ್ತೆ ರಾಶಿಗೇ ಹಾಕಿದರು. ವಸಾಹತುಶಾಹಿಯ ಗುರುತು ಇರುವುದು ಬೇಲಿಯಲ್ಲಿ. ಕಥೆ ಗಡಿ ದಾಟಿದ್ದರಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಮೈಸೂರಿನಲ್ಲಿ ಹುಟ್ಟಿದ ರಾಮಾನುಜನ್ ಹೇಳಿದ್ದೂ ಇದೇ ರಾಶಿಯ ಬಗ್ಗೆ. ದೆಹಲಿಯಲ್ಲಿ ದಾಳಿಗೆ ಗುರಿಯಾದ ಆ ಪ್ರಬಂಧದಲ್ಲಿ ವಾಲ್ಮೀಕಿ, ಕಂಬ, ಜೈನ ಮತ್ತು ಥಾಯ್ ರಾಮಾಯಣಗಳ ಸಾಲಿನಲ್ಲಿ ಕನ್ನಡದ ದಲಿತ ಗಾಯಕರೊಬ್ಬರು ಹಾಡಿದ ಕಥೆಯೂ ಇದೆ. ಅದರಲ್ಲಿ ರಾವುಳ ಮಾವಿನ ತಿರುಳನ್ನು ತಾನು ತಿಂದು ಓಟೆಯನ್ನು ಹೆಂಡತಿಗೆ ಕೊಡುತ್ತಾನೆ. ಮಾತು ತಪ್ಪಿದ್ದರಿಂದ ಅವನೇ ಬಸುರಿಯಾಗುತ್ತಾನೆ. ಅವನು ಸೀತಾಗ ಹುಟ್ಟಿದ ಮಗಳು ಸೀತೆ. ಕನ್ನಡ ಕಿವಿಗೆ ಮಾತ್ರ ಹೊಳೆಯುವ ಈ ಶ್ಲೇಷೆಯನ್ನು ಹಾಡಿದವನು ಯಾರ ಅಪ್ಪಣೆ ಪಡೆದಿದ್ದ? ಅಕ್ಬರನ ಆಜ್ಞೆಯಂತೆ ರಾಮಾಯಣವನ್ನು ಪಾರಸಿಗೆ ತಂದ ಬದಾಯೂನಿ ಯಾವ ಪರವಾನಗಿ ಕಟ್ಟಿದ್ದ? ಮಲಬಾರಿನ ಮಾಪಿಳ್ಳೆ ರಾಮಾಯಣದಲ್ಲಿ ರಾಮ 'ಲಾಮ'ನಾಗುತ್ತಾನೆ, ಶೂರ್ಪನಖಿ ಮದುವೆಯ ಮಾತಿಗೆ ಶರೀಅತ್ತನ್ನು ಎಳೆದು ತರುತ್ತಾಳೆ. ಅದನ್ನು ಹಾಡಿ ನಕ್ಕವರು ಯಾರ ನಂಬಿಕೆಯನ್ನೂ ಕದ್ದಿರಲಿಲ್ಲ.

ರಾಮಾನುಜನ್ ಪ್ರಬಂಧಕ್ಕೆ ಮುಂದೆ ಏನಾಯಿತು ಎಂಬುದು ಎರಡು ಒಡೆತನಗಳು ಹೇಗೆ ಕೈಜೋಡಿಸುತ್ತವೆ ಎಂಬುದಕ್ಕೆ ಸಾಕ್ಷಿ. ಪುಸ್ತಕದ ವಿರುದ್ಧ ದೂರು ಬಂದಾಗ, ಪ್ರಕಟಣೆಯ ಹಕ್ಕು ಹೊಂದಿದ್ದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಮತ್ತೆ ಮುದ್ರಿಸುವ ಉದ್ದೇಶವಿಲ್ಲ ಎಂದು ತಿಳಿಸಿತು. ದೆಹಲಿ ವಿಶ್ವವಿದ್ಯಾಲಯ 2011ರ ಅಕ್ಟೋಬರಿನಲ್ಲಿ ಪ್ರಬಂಧವನ್ನು ಪಠ್ಯದಿಂದ ತೆಗೆಯಿತು. ದೇಶವಿದೇಶಗಳ ವಿದ್ವಾಂಸರು ಪ್ರತಿಭಟಿಸಿದ ಮೇಲಷ್ಟೇ ಪ್ರಕಾಶಕರು ಮರುಮುದ್ರಣಕ್ಕೆ ಒಪ್ಪಿದರು. ಬೀದಿಯ ಬಲ ಕೂಗಿದಾಗ ಹಕ್ಕುಸ್ವಾಮ್ಯವುಳ್ಳವನು ಸುಮ್ಮನೆ ಮುದ್ರಣ ನಿಲ್ಲಿಸಿದರೆ ಸಾಕು, ಪುಸ್ತಕವನ್ನು ನಿಷೇಧಿಸುವ ಅಗತ್ಯವೇ ಇಲ್ಲ. ಬೇರೆಯವರು ಮುದ್ರಿಸುವಂತಿಲ್ಲ, ಒಡೆಯ ಮುದ್ರಿಸುವುದಿಲ್ಲ. ಇದನ್ನು ಸೆನ್ಸಾರ್ ಎಂದು ಯಾರೂ ಕರೆಯುವುದಿಲ್ಲವಾದ್ದರಿಂದ ಇದು ಹೆಚ್ಚು ಅಪಾಯಕಾರಿ.

ಇದೇ ಹೊತ್ತಿನಲ್ಲಿ ದೆಹಲಿಯ ಕಲಾವಿದರ ಗುಂಪೊಂದು ಇದಕ್ಕೆ ಬೇರೆಯೊಂದು ದಾರಿಯಿಂದ ಬಂದಿತ್ತು. ರಾಕ್ಸ್ ಮೀಡಿಯಾ ಕಲೆಕ್ಟಿವ್ 2002ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ 11 ಪ್ರದರ್ಶನದಲ್ಲಿ 'ಓಪಸ್' ಎಂಬ ವೇದಿಕೆಯನ್ನು ಇಟ್ಟಿತು. ಒಬ್ಬರು ಹಾಕಿದ ಚಿತ್ರ, ಶಬ್ದ, ಬರಹಗಳನ್ನು ಇನ್ನೊಬ್ಬರು ಎತ್ತಿಕೊಂಡು ಬದಲಿಸಿ ಮತ್ತೆ ಅಲ್ಲಿಯೇ ಇಡಬಹುದಾದ ಜಾಗ ಅದು. ಸ್ವತಂತ್ರ ತಂತ್ರಾಂಶದ ತತ್ವವನ್ನು ಅದು ಕಲೆಗೆ ತಂದಿತು. 2003ರ 'ಸರಾಯ್ ರೀಡರ್'ನಲ್ಲಿ ಇವರು ಪ್ರಕಟಿಸಿದ ಚಿಕ್ಕ ಪದಕೋಶದಲ್ಲಿ ಈ ಬದಲಿಸಿದ ರೂಪಗಳಿಗೆ ಬಳಸಿದ ಮಾತನ್ನು ಕನ್ನಡದಲ್ಲಿ ನಾವು 'ಪಾಠಾಂತರ' ಎನ್ನಬಹುದು. ಪಾಠಾಂತರ ಮೂಲದ ಕಳ್ಳತನವಲ್ಲ, ಮೂಲವನ್ನು ಕೊಲ್ಲುವುದೂ ಇಲ್ಲ, ಅದರ ಪಕ್ಕದಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ಯುಗದ ಹೊಸ ವಿಚಾರವೆಂದು ಹೇಳಲಾಗುವ ಇದನ್ನು ನಮ್ಮ ಓಲೆಗರಿಯ ಲಿಪಿಕಾರರೂ ಮೇಳದ ಕಲಾವಿದರೂ ಯಾವಾಗಿನಿಂದಲೋ ಬಲ್ಲರು.

ಇಷ್ಟಾದರೂ ಪೇಲಿಯವರ ಚಿತ್ರದಲ್ಲಿ ಒಂದು ಬೀಗ ಉಳಿದಿದೆ. ಅದು ಉಪಕರಣದ ಬೀಗ. ಸೀತೆ ಕುಣಿಯುವುದು ಫ್ಲ್ಯಾಶ್ ಎಂಬ ತಂತ್ರಾಂಶದ ಬಲದಿಂದ. ಅದರಲ್ಲಿ ತಲೆ, ತೋಳು, ಮುಂಗೈ, ಕಾಲುಗಳನ್ನು ಬೇರೆಬೇರೆಯಾಗಿ ಬರೆದು ಕೀಲು ಕೂಡಿಸಿ ಆಡಿಸಲಾಗುತ್ತದೆ. ಬಿಡಿ ಬಿಡಿ ತೊಗಲಿನ ತುಂಡುಗಳನ್ನು ದಾರದಿಂದ ಕಟ್ಟಿ ಪರದೆಯ ಹಿಂದೆ ಆಡಿಸುವ ನಮ್ಮ ತೊಗಲುಗೊಂಬೆಯ ತರ್ಕವೇ ಇದು. ಒಬ್ಬರೇ ಕುಳಿತು ಇಡೀ ರಾಮಾಯಣ ಆಡಿಸಲು ಸಾಧ್ಯವಾದದ್ದು ಈ ತರ್ಕದಿಂದ. ಹಾಗಾಗಿ ಉಪಕರಣವೆಂಬುದು ಕಲೆಯ ಹೊರಗಿನ ವಸ್ತುವಲ್ಲ, ಶೈಲಿಯೇ ಅದರಿಂದ ಹುಟ್ಟಿದೆ. ವ್ಯತ್ಯಾಸ ಇಷ್ಟೇ: ತೊಗಲು ಹದ ಮಾಡುವ ಬಗೆ ಗೊಂಬೆಯಾಟದ ಮನೆತನಕ್ಕೆ ಗೊತ್ತು, ಹರಿದರೆ ತಾವೇ ಹೊಲಿಯಬಲ್ಲರು. ಫ್ಲ್ಯಾಶ್‌ನ ಒಳಗುಟ್ಟು ಕಂಪನಿಗೆ ಮಾತ್ರ ಗೊತ್ತು.

ಫ್ಲ್ಯಾಶ್ ಮ್ಯಾಕ್ರೋಮೀಡಿಯಾ ಕಂಪನಿಯದಾಗಿತ್ತು. 2005ರಲ್ಲಿ ಆ ಕಂಪನಿಯನ್ನೇ ಅಡೋಬಿ ಕೊಂಡಿತು. 2013ರಲ್ಲಿ ಅಡೋಬಿ ತನ್ನ ಹೊಸ ತಂತ್ರಾಂಶಗಳನ್ನು ಒಮ್ಮೆಗೇ ಮಾರುವುದನ್ನು ಬಿಟ್ಟು ಬಾಡಿಗೆಗೆ ಕೊಡುವುದಾಗಿ ಘೋಷಿಸಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಪೂರ್ಣವಿರಾಮ ಹಾಕಿತು. ಆ ಒಂದು ತೀರ್ಮಾನದಿಂದ ಜಗತ್ತಿನ ಸಾವಿರಾರು ಕಲಾವಿದರ ಚಿಕ್ಕ ಚಿತ್ರ, ಆಟ, ಪ್ರಯೋಗಗಳು ಬ್ರೌಸರುಗಳಲ್ಲಿ ಕುರುಡಾದವು. ಪೇಲಿ ತನ್ನ ಚಿತ್ರದ ಮೂಲ ಕಡತಗಳನ್ನೂ ಉದಾರವಾಗಿ ಹಂಚಿದ್ದರು. ಆದರೆ ಅವು ಫ್ಲ್ಯಾಶ್ ಕಡತಗಳು. ಅವನ್ನು ಬಿಚ್ಚಿ ಸೀತೆಯ ಕೈ ಬೇರೆ ಬಗೆಯಲ್ಲಿ ಆಡಿಸಬೇಕೆನ್ನುವವನು ಅಡೋಬಿಯ ಬಾಗಿಲಿಗೇ ಹೋಗಬೇಕು. ಮನೆ ಎಲ್ಲರಿಗೂ ಎಂದು ಬರೆದುಕೊಟ್ಟು ಕೀಲಿಕೈ ಸಾಹುಕಾರನ ಬಳಿಯೇ ಉಳಿದಂತೆ.

ಈ ಸಂಕಟ ಕನ್ನಡದ ಸಣ್ಣ ಪತ್ರಿಕೆಗಳನ್ನು ನಡೆಸಿದವರಿಗೆ ವಿವರಿಸಬೇಕಾಗಿಲ್ಲ. ವರ್ಷಗಟ್ಟಲೆ ನಮ್ಮ ಪುಟಗಳು ಸಿದ್ಧವಾದದ್ದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 2001ರಲ್ಲಿ ಬಂತು. ಆಮೇಲೂ ಡಿಟಿಪಿ ಅಂಗಡಿಗಳು ಹಳೆಯ ಕಂಪ್ಯೂಟರುಗಳನ್ನು ಜೋಪಾನ ಮಾಡಿದ್ದು ಆ ಒಂದು ತಂತ್ರಾಂಶಕ್ಕಾಗಿ. ಡಾಂಗಲ್ ಸಿಕ್ಕಿಸದೆ ತೆರೆಯದ ಲಿಪಿ ತಂತ್ರಾಂಶಗಳಿದ್ದವು. ಒಂದು ಫಾಂಟಿನಲ್ಲಿ ಟೈಪಿಸಿದ ಲೇಖನ ಇನ್ನೊಂದು ಅಂಗಡಿಯಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಯೂನಿಕೋಡ್ ಬಳಕೆಗೆ ಬರುವ ತನಕ ಹೀಗೆ ಸಿಕ್ಕಿಕೊಂಡ ಕನ್ನಡ ಬರಹ ಎಷ್ಟೋ. ಆಗ ನಾವು ಇದನ್ನು ತಾಂತ್ರಿಕ ತೊಂದರೆ ಎಂದುಕೊಂಡೆವು. ನಮ್ಮ ಅಕ್ಷರದ ಆಕಾರಕ್ಕೂ ಸಂಕೇತಕ್ಕೂ ಬೇರೆ ಒಡೆಯರಿದ್ದರು ಎಂಬುದು ನಮಗೆ ಹೊಳೆಯಲಿಲ್ಲ. ಬಿಟ್ಟಿಯಾಗಿ ಸಿಗುವ ತಂತ್ರಾಂಶಕ್ಕೂ ಸ್ವತಂತ್ರ ತಂತ್ರಾಂಶಕ್ಕೂ ಇರುವ ಅಂತರ ಇಲ್ಲಿಯೇ ಇದೆ. ಬಿಟ್ಟಿ ಕೊಟ್ಟವನು ನಾಳೆ ನಿಲ್ಲಿಸಬಹುದು, ಬೆಲೆ ಕಟ್ಟಬಹುದು. ಸ್ವತಂತ್ರ ತಂತ್ರಾಂಶದಲ್ಲಿ ಒಳಗಿನ ಬರಹವೇ ಎಲ್ಲರ ಕೈಯಲ್ಲಿರುತ್ತದೆ. ಕೆಟ್ಟರೆ ತಿದ್ದಬಹುದು, ಮಾಡಿದವನು ಕೈಬಿಟ್ಟರೆ ಬೇರೊಬ್ಬ ಮುಂದುವರಿಸಬಹುದು.

ಮದೀನಾದ ರೂಮಾ ಬಾವಿಯ ಕಥೆ ನಮ್ಮ ಓದುಗರಿಗೆ ಗೊತ್ತು. ಬಾವಿಯ ಒಡೆಯ ನೀರನ್ನು ಮಾರುತ್ತಿದ್ದ. ಬಡವರಿಗೆ ಕಷ್ಟವಾಗಿತ್ತು. ಪ್ರವಾದಿ(ಸ)ಯವರ ಕರೆಗೆ ಓಗೊಟ್ಟು ಹಝ್ರತ್ ಉಸ್ಮಾನ್(ರ) ಆ ಬಾವಿಯನ್ನು ಬೆಲೆ ತೆತ್ತು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಇದರಲ್ಲಿ ಎರಡು ಮಾತುಗಳಿವೆ. ಒಡೆಯನಿಂದ ಕಸಿಯಲಿಲ್ಲ, ಬೆಲೆ ಕೊಟ್ಟರು. ಕೊಂಡ ಮೇಲೆ ತಾವು ಒಡೆಯರಾಗಲಿಲ್ಲ.

2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸರಿಸುಮಾರು ಇದೇ ನಡೆಯಿತು. ಬ್ಲೆಂಡರ್ ಎಂಬ ಆನಿಮೇಷನ್ ತಂತ್ರಾಂಶದ ಕಂಪನಿ ದಿವಾಳಿಯಾಯಿತು. ಒಂದು ಲಕ್ಷ ಯೂರೋ ಕೊಟ್ಟರೆ ಅದರ ಮೂಲ ಬರಹವನ್ನು ಬಿಟ್ಟುಕೊಡುತ್ತೇವೆ ಎಂದು ಹೂಡಿಕೆದಾರರು ಒಪ್ಪಿದರು. ಅದನ್ನು ಕಟ್ಟಿದ ಟಾನ್ ರೂಸೆಂಡಾಲ್ ಬಳಕೆದಾರರಲ್ಲಿ ಚಂದಾ ಎತ್ತಿದರು. ಏಳು ವಾರಗಳಲ್ಲಿ ಹಣ ಕೂಡಿತು. ಅದೇ ಅಕ್ಟೋಬರಿನಲ್ಲಿ ಬ್ಲೆಂಡರ್ ಸ್ವತಂತ್ರವಾಯಿತು. 2006ರಲ್ಲಿ ಅದರಿಂದ 'ಎಲಿಫೆಂಟ್ಸ್ ಡ್ರೀಮ್' ಎಂಬ ಕಿರುಚಿತ್ರವನ್ನು ಮಾಡಿ ಚಿತ್ರದ ಜೊತೆಗೆ ಎಲ್ಲ ಮೂಲ ಕಡತಗಳನ್ನೂ ಹಂಚಿದರು. ಆ ಕಡತಗಳನ್ನು ತೆರೆಯಲು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಲಾತ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ಬೆಕ್ಕೊಂದರ ಕಥೆಯನ್ನು ಮಾತಿಲ್ಲದೆ ಹೇಳಿದ 'ಫ್ಲೋ' ಚಿತ್ರವನ್ನು ಮಾಡಿದ್ದು ಇದೇ ಬ್ಲೆಂಡರ್‌ನಲ್ಲಿ. 2025ರ ಮಾರ್ಚಿನಲ್ಲಿ ಅದು ಆಸ್ಕರ್ ಪಡೆಯಿತು. ಚಿಕ್ಕ ದೇಶದ ಕಲಾವಿದನಿಗೆ ಹಾಲಿವುಡ್ಡಿನ ಪಕ್ಕ ನಿಲ್ಲಲು ಸಾಧ್ಯವಾದದ್ದರ ಹಿಂದೆ ಇಪ್ಪತ್ತೆರಡು ವರ್ಷಗಳ ಹಿಂದೆ ಹೆಸರಿಲ್ಲದ ಜನ ಕೂಡಿಸಿದ ಚಂದಾ ಇದೆ.

ಬಾವಿಯನ್ನು ಬಿಡುವುದರಲ್ಲೂ ಬಗೆಗಳಿವೆ. ವಕ್ಫ್ ಆದ ಆಸ್ತಿಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ವಾರಸುದಾರರಿಗೆ ಹಂಚುವಂತಿಲ್ಲ. ಫಲ ಮಾತ್ರ ಜನರದು. ಬದಲಿಸಿದ್ದನ್ನೂ ಇದೇ ಷರತ್ತಿನಲ್ಲಿ ಬಿಡಬೇಕೆನ್ನುವ ಕಾಪಿಲೆಫ್ಟ್ ಪರವಾನಗಿ ಈ ಬಗೆಯದು. ಮುಂದೆ ಯಾರೂ ಬೇಲಿ ಹಾಕದಂತೆ ಅದು ಕಾನೂನನ್ನೇ ಕಾವಲಿಗೆ ಇಡುತ್ತದೆ. ಪೇಲಿ 2009ರಲ್ಲಿ ಆರಿಸಿದ್ದು ಇದನ್ನು. ಆದರೆ ಕೆನಡಾದ ಚಲನಚಿತ್ರ ಮಂಡಳಿಯ ಚಿತ್ರವೊಂದರಲ್ಲಿ ಸೀತೆಯ ಚಿತ್ರ ಬಳಸಲು ವಕೀಲರು ಆಕೆಯ ಸಹಿಯ ಪತ್ರವೇ ಬೇಕೆಂದರು. ಪರವಾನಗಿ ಕೊಟ್ಟಾಗಿದ್ದರೂ ಮತ್ತೆ ಅನುಮತಿಯ ಕಾಗದ. ಬೇಸತ್ತ ಪೇಲಿ 2013ರ ಜನವರಿಯಲ್ಲಿ ಎಲ್ಲ ಷರತ್ತುಗಳನ್ನೂ ತೆಗೆದು ಚಿತ್ರವನ್ನು ಸಂಪೂರ್ಣ ಬಿಟ್ಟುಬಿಟ್ಟರು. ಕಾನೂನನ್ನು ಎತ್ತಿ ಯಾರನ್ನೂ ಬೆದರಿಸಲಾರೆ ಎನ್ನುವ ಈ ನಿಲುವನ್ನು ಆಕೆ ಅಹಿಂಸೆ ಎಂದು ಕರೆದರು.

ನಿಲುವು ದೊಡ್ಡದು. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾವಲಿಲ್ಲದ ಗೋಮಾಳಕ್ಕೆ ಮೊದಲು ಬೇಲಿ ಹಾಕುವವನು ಊರಿನ ಬಲಾಢ್ಯ ಎಂಬುದನ್ನು ನಾವು ಕಂಡಿದ್ದೇವೆ. ವಕ್ಫ್ ಆಸ್ತಿಗಳಲ್ಲೂ ಮುತವಲ್ಲಿಯೇ ಒಡೆಯನಂತೆ ನಡೆದುಕೊಂಡ ಉದಾಹರಣೆಗಳು ನಮ್ಮ ನಡುವೆ ಕಡಿಮೆಯಿಲ್ಲ. ಬಿಟ್ಟುಕೊಟ್ಟರೆ ಸಾಲದು, ಕಾಯಲೂ ಬೇಕು. ಕಾಯುವವನು ಒಡೆಯನಾಗದಂತೆ ಊರು ನೋಡಿಕೊಳ್ಳಬೇಕು.

ಪೇಲಿ ಸ್ವತಂತ್ರ ತಂತ್ರಾಂಶದವರನ್ನೂ ಬಿಡಲಿಲ್ಲ. ಆ ಚಳವಳಿಯ ಪ್ರವರ್ತಕ ರಿಚರ್ಡ್ ಸ್ಟಾಲ್‌ಮನ್, ತಂತ್ರಾಂಶವನ್ನು ಯಾರೂ ತಿದ್ದಬಹುದು ಎನ್ನುತ್ತಾರೆ. ತಮ್ಮ ಅಭಿಪ್ರಾಯ ಬರಹಗಳನ್ನು ಮಾತ್ರ ಹಾಗೆಯೇ ನಕಲು ಮಾಡಬಹುದು, ಬದಲಿಸುವಂತಿಲ್ಲ ಎನ್ನುತ್ತಾರೆ. ಉಪಕರಣಕ್ಕೆ ಒಂದು ನ್ಯಾಯ, ಸಂಸ್ಕೃತಿಗೆ ಇನ್ನೊಂದು ನ್ಯಾಯವೇ ಎಂದು ಪೇಲಿ 2011ರಲ್ಲಿ ಕಟುವಾಗಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅದೇ ಪ್ರಶ್ನೆಯನ್ನು ತಿರುಗಿಸಿ, ಫ್ಲ್ಯಾಶ್‌ನಲ್ಲಿ ಮುಕ್ತ ಚಿತ್ರ ಮಾಡಿದ ಪೇಲಿಯವರನ್ನೂ ಕೇಳಬಹುದು. ಒಬ್ಬರು ಉಳಿ ಬಿಡುಗಡೆ ಮಾಡಿ ಶಿಲ್ಪಕ್ಕೆ ಕಾವಲು ಹಾಕಿದರು, ಇನ್ನೊಬ್ಬರು ಶಿಲ್ಪ ಬಿಡುಗಡೆ ಮಾಡಿ ಉಳಿಯನ್ನು ಸಾಲ ತಂದರು. ಕಥೆ, ಹಾಡು, ಉಪಕರಣ ಮೂರೂ ಒಟ್ಟಿಗೆ ಬಿಡುಗಡೆಯಾಗದೆ ಒಂದೂ ಪೂರ್ತಿ ಬಿಡುಗಡೆಯಾಗುವುದಿಲ್ಲ ಎಂಬುದೇ ಇವರಿಬ್ಬರ ಜಗಳದಿಂದ ನಾವು ಕಲಿಯಬೇಕಾದ ಪಾಠ.

ಹಾಗಾದರೆ ಕಲಾವಿದ ಹೊಟ್ಟೆಗೆ ಏನು ತಿನ್ನಬೇಕು? ಇದು ಮೊದಲು ಬರುವ ಪ್ರಶ್ನೆ, ಬರಲೇಬೇಕಾದ ಪ್ರಶ್ನೆ. ಪೇಲಿ ನೋಡುಗರು ಮನಸಾರೆ ಕೊಟ್ಟ ಹಣ, ತಾವೇ ಮಾರಿದ ಡಿವಿಡಿ ಮುಂತಾದವುಗಳಿಂದ ಉತ್ತರ ಕಂಡುಕೊಂಡರು. ಚಿತ್ರ ಹರಡಿದಷ್ಟೂ ಹೆಸರು ಹರಡುತ್ತದೆ, ಹೆಸರು ಹರಡಿದಲ್ಲಿ ಅನ್ನ ಹುಟ್ಟುತ್ತದೆ ಎಂಬುದು ಅವರ ವಾದ. ನ್ಯೂಯಾರ್ಕಿನಲ್ಲಿ ಇದು ನಿಜವಿರಬಹುದು. ನಮ್ಮ ಕಿಳ್ಳೇಕ್ಯಾತರ ಮೇಳಕ್ಕೆ ಈ ವಾದ ಹೇಳಿ ನೋಡಿ. ಅವರ ಗೊಂಬೆ, ಅವರ ಕಥೆ, ಅವರ ಮಟ್ಟು ಯಾವಾಗಲೂ ಮುಕ್ತವೇ ಆಗಿದ್ದವು. ಯಾರೂ ಎತ್ತಿಕೊಳ್ಳಬಹುದಿತ್ತು, ಎತ್ತಿಕೊಂಡರು ಕೂಡ. ಹಕ್ಕುಸ್ವಾಮ್ಯದ ಕಾನೂನು ಒಬ್ಬ ಲೇಖಕನನ್ನೂ ಒಂದು ಸ್ಥಿರ ಕೃತಿಯನ್ನೂ ಹುಡುಕುತ್ತದೆ. ಇವರಲ್ಲಿ ಎರಡೂ ಸಿಗುವುದಿಲ್ಲವಾದ್ದರಿಂದ ಕಾನೂನಿನ ಕಣ್ಣಿಗೆ ಇವರು ಇಲ್ಲ. ರಾವುಳನ ಕಥೆ ಹಾಡಿದವರ ಕಥೆ ಜಗತ್ತಿನ ವಿಶ್ವವಿದ್ಯಾಲಯಗಳನ್ನು ಸುತ್ತಿತು. ಹಾಡಿದ ಕಂಠಕ್ಕೆ ಅದರಿಂದ ಏನು ಬಂತು ಎಂದು ಯಾರೂ ಕೇಳಲಿಲ್ಲ.

ಆದರೆ ಇದಕ್ಕೆ ಮದ್ದು ಇನ್ನಷ್ಟು ಬೇಲಿಯಲ್ಲ. ಅವರ ಕಥೆಗೂ ಹಕ್ಕುಪತ್ರ ಕೊಟ್ಟರೆ ಅದನ್ನು ಹಿಡಿದು ನಿಲ್ಲುವವನು ಮತ್ತೊಬ್ಬ ಮಧ್ಯವರ್ತಿಯೇ. ಹಾನ್‌ಷಾ ಹಾಡುಗಳ ಹಕ್ಕು ಎಲ್ಲಿಗೆ ಹೋಗಿ ಸೇರಿತು ಎಂಬುದನ್ನು ಮೇಲೆ ನೋಡಿದ್ದೇವೆ. ರೂಮಾ ಬಾವಿಯ ಮೊದಲ ಮಾತನ್ನು ನೆನಪಿಸಿಕೊಳ್ಳಬೇಕು: ಬೆಲೆ ಕೊಟ್ಟರು. ಕಲೆಯನ್ನು ಎಲ್ಲರದಾಗಿಸುವ ಸಮಾಜ ಕಲಾವಿದನ ಊಟದ ಹೊಣೆಯನ್ನೂ ಎಲ್ಲರದಾಗಿಸಬೇಕು. ಹಳ್ಳಿಯಲ್ಲಿ ಗೊಂಬೆಯಾಟದ ಮೇಳಕ್ಕೆ ಮನೆಮನೆಯಿಂದ ಬರುತ್ತಿದ್ದ ಕಾಳುಕಡ್ಡಿ ಆ ಹೊಣೆಯ ಒಂದು ರೂಪವಾಗಿತ್ತು. ಅದರಲ್ಲಿ ಜಾತಿಯ ಅವಮಾನವೂ ಬೆರೆತಿತ್ತು. ಅವಮಾನವನ್ನು ತೆಗೆದು ಹೊಣೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಯೋಚಿಸುವ ಬದಲು ನಾವು ಕಾಳನ್ನೂ ನಿಲ್ಲಿಸಿ, ಆಟವನ್ನು ಮಾತ್ರ ಪರಂಪರೆಯೆಂದು ಕೊಂಡಾಡುತ್ತಿದ್ದೇವೆ.

ಕೊನೆಯದಾಗಿ ಒಂದು ವಿಪರ್ಯಾಸ. 2025ರ ಜನವರಿ 1ಕ್ಕೆ 1929ರ ಹಾಡುಗಳ 95 ವರ್ಷ ಮುಗಿದು, ಪೇಲಿ ಸಾಲ ಮಾಡಿ ಕೊಂಡ ಹಾಡುಗಳೆಲ್ಲ ಅಮೆರಿಕದಲ್ಲಿ ಮುಕ್ತವಾದವು. ಆದರೆ ನಡುವೆ 2018ರಲ್ಲಿ ಬಂದ ಮತ್ತೊಂದು ಕಾನೂನು ಹಳೆಯ ಧ್ವನಿಮುದ್ರಣಗಳನ್ನೂ ಫೆಡರಲ್ ರಕ್ಷಣೆಯೊಳಗೆ ತಂದು, ಆ ಕಾಲದವಕ್ಕೆ 100 ವರ್ಷಗಳ ಅವಧಿ ಕೊಟ್ಟಿದೆ. 2008ರಲ್ಲಿ ಹಾಡಿಗೆ ಬೀಗವಿತ್ತು, ಕಂಠಕ್ಕೆ ಆ ಬೀಗವಿರಲಿಲ್ಲ. ಈಗ ಹಾಡು ಬಿಡುಗಡೆಯಾಗಿದೆ, ಹಾನ್‌ಷಾ ಕಂಠ ಒಳಗಿದೆ. 1929ರಲ್ಲಿ ಹಾಡಿದ್ದು ಹೊರಗೆ ಬರಲು 2030ರ ತನಕ ಕಾಯಬೇಕು. ಸತ್ತು ನಾಲ್ಕು ದಶಕ ಕಳೆದ ಗಾಯಕಿಯನ್ನು ಕಾನೂನು ಯಾರಿಂದ ಕಾಪಾಡುತ್ತಿದೆ?

ಪೇಲಿಯವರ ಚಿತ್ರ ಶುರುವಾಗುವುದು ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಸಿಕ್ಕಿಕೊಂಡು ಒಂದೇ ಸಾಲು ಮತ್ತೆ ಮತ್ತೆ ಕೇಳುವುದರಿಂದ. ಮುಳ್ಳನ್ನು ಯಾರಾದರೂ ಎತ್ತಿ ಮುಂದಿಡದೆ ಹಾಡು ಮುಂದೆ ಹೋಗುವುದಿಲ್ಲ. ಕಥೆಗಳ ಮೇಲೂ ಹಾಡುಗಳ ಮೇಲೂ ನಮ್ಮ ಅಕ್ಷರಗಳ ಮೇಲೂ ಹೀಗೆ ಸಿಕ್ಕಿಕೊಂಡ ಮುಳ್ಳುಗಳಿವೆ. ಒಬ್ಬ ಕಲಾವಿದೆ ತನ್ನ ಸಾಲದ ಹಣದಿಂದ ಒಂದನ್ನು ಎತ್ತಿದರು, ಹೆಸರಿಲ್ಲದ ಜನ ಚಂದಾ ಕೂಡಿಸಿ ಇನ್ನೊಂದನ್ನು ಎತ್ತಿದರು. ಇನ್ನೂ ಎತ್ತಬೇಕಾದವುಗಳಲ್ಲಿ ಕೆಲವು ನಮ್ಮ ಮನೆಯಲ್ಲೇ ಇವೆ.